ಬೇವಿಲ್ಲದ ಊರಿನಲ್ಲಿ ನಾನು ಮಾಡಿದ ಬೇವು-ಬೆಲ್ಲ

ಆ ವರ್ಷ ಯುಗಾದಿಗೆ ನಮ್ಮಲ್ಲಿ ಬೇವೇ ಇರಲಿಲ್ಲ.

ಊರಿನಿಂದ ಬರುವವರೊಬ್ಬರ ಬ್ಯಾಗಿನಲ್ಲಿ ಒಣಗಿಸಿದ ಬೇವಿನ ಹೂವು ತರಿಸಿದ್ದೆ. ಏರ್‌ಪೋರ್ಟಿನಲ್ಲಿ ತೆಗೆದು ಕಸಕ್ಕೆ ಹಾಕಿದರಂತೆ.

ಅಮೆರಿಕದ ಎವರೆಟ್ ಊರಿನ ನಮ್ಮ ಕನ್ನಡದ ಗುಂಪಿನಲ್ಲಿ ಬೇವು-ಬೆಲ್ಲ ಹಂಚುವ ಕೆಲಸ ಮೊದಲಿನಿಂದಲೂ ನನ್ನದು. ಯಾರಿಗೂ ಬಿಟ್ಟುಕೊಟ್ಟವನಲ್ಲ.

ನಾನು ಓದಿದ್ದು ಹಳ್ಳಿ ಶಾಲೆ, ಆಮೇಲೆ ಐಟಿಐ. ವಿಮಾನದ ಬಿಡಿಭಾಗ ಮಾಡುವ ವರ್ಕ್‌ಶಾಪಿನಲ್ಲಿ ಮಿಷಿನ್ ನಡೆಸುತ್ತೇನೆ. ಗುಂಪಿನ ಮಿಕ್ಕವರೆಲ್ಲ ದೊಡ್ಡ ದೊಡ್ಡ ಡಿಗ್ರಿಯವರು. ಆದರೆ ಒಂದು ಗಿಡ ತೋರಿಸಿ ಇದೇನು ಎಂದು ಕೇಳಿ ನೋಡಿ... ಅಲ್ಲಿ ಉತ್ತರ ಹೇಳುವವನು ನಾನೊಬ್ಬನೇ.

ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಮನೆಯ ಹೆಲೆನಜ್ಜಿಯ ಬೇಲಿಯಲ್ಲಿ ಆರೆಗಾನ್ ಗ್ರೇಪ್ ಎಂಬ ಗಿಡವಿದೆ. ಎಲೆಯ ಅಂಚಿಗೆಲ್ಲ ಮುಳ್ಳು, ಯುಗಾದಿಯ ಹೊತ್ತಿಗೆ ಅರಿಸಿನ ಬಣ್ಣದ ಹೂಗೊಂಚಲು. ಬೇರಿನ ತೊಗಟೆ ಕೆರೆದರೆ ಒಳಗೆಲ್ಲ ಹಳದಿ, ನಾಲಿಗೆಗಿಟ್ಟರೆ ವಿಪರೀತ ಕಹಿ.

ನಮ್ಮ ಮರದರಿಸಿನದ ನೆಂಟನೇ ಇದು ಎಂದು ನಾನು ನೋಡಿದ ಕೂಡಲೇ ಹೇಳಿದ್ದೆ. ಅಜ್ಜಿ ಪುಸ್ತಕ ತೆಗೆದು ನೋಡಿ ಹೌದೆಂದರು.

ಇಲ್ಲಿನ ಮೂಲ ಜನ ತಲೆತಲಾಂತರದಿಂದ ಬಳಸುವ ಮದ್ದಂತೆ. ಚಳಿಗಾಲ ಕಳೆದು ಕಾಲ ಬದಲಾಗುವಾಗ ನಾವು ಬೇವು ತಿನ್ನುವುದೂ ಮೈಗೆ ಒಳ್ಳೆಯದೆಂದೇ ಅಲ್ಲವೇ? ಹೂವು ಬಿಡಿಸಿ, ಬೇರಿನ ತೊಗಟೆಯನ್ನು ಚೂರೇ ಚೂರು ಕುಟ್ಟಿ, ಬೆಲ್ಲ ಹುರಿಗಡಲೆ ಬೆರೆಸಿದೆ. ಬಸುರಿಯರಿಗೆ ಮಾತ್ರ ಖಂಡಿತ ಕೊಡಬೇಡ ಎಂದು ಅಜ್ಜಿ ಮತ್ತೆ ಮತ್ತೆ ಹೇಳಿ ಕಳಿಸಿದ್ದರು.

ಹಬ್ಬದ ಊಟ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ. ಬೇವು-ಬೆಲ್ಲ ತಿನ್ನದೆ ಯಾರಿಗೂ ತಟ್ಟೆಯಿಲ್ಲ, ಅದು ನಮ್ಮ ಪದ್ಧತಿ. ಎಲ್ಲರೂ ಸಾಲಾಗಿ ನಿಂತರು. ನಾನು ಪಾತ್ರೆ ಹಿಡಿದು ಭಾಷಣ ಶುರು ಮಾಡಿದೆ.

"ಇದು ಈ ಊರಿನ ಬೇವು, ನಾನೇ ಕಂಡುಹಿಡಿದಿದ್ದು. ವಿಶೇಷ ಇರೋರು ಮಾತ್ರ ಪಕ್ಕಕ್ಕೆ ನಿಂತ್ಕೊಳ್ಳಿ, ನಿಮಗೆ ಬರೀ ಬೆಲ್ಲ. ಹಂಗೇ ನಮಗೂ ಸುದ್ದಿ ಗೊತ್ತಾಗುತ್ತೆ."

ಎಲ್ಲರೂ ನಕ್ಕರು. ಎಲ್ಲರ ಕಣ್ಣೂ ಹೊಸದಾಗಿ ಮದುವೆಯಾದ ಹುಡುಗಿಯರ ಮೇಲೆ ಹರಿದಾಡಿತು. ಯಾರೂ ಪಕ್ಕಕ್ಕೆ ಸರಿಯಲಿಲ್ಲ.

ಮೊದಲು ನಮ್ಮ ಗುಂಪಿನ ಹುಡುಗ ಪ್ರಕಾಶ ತಿಂದ, ಅವನ ಹಿಂದೆ ಇನ್ನಿಬ್ಬರು ಗಂಡಸರು. ಆಮೇಲೆ ರಮ್ಯಾ. (ಅವಳದೂ ಅವಳ ಮನೆಯವರದೂ ಹೆಸರು ಬದಲಿಸಿದ್ದೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.)

ಸೌತ್ ಲೇಕ್ ಯೂನಿಯನ್ ಎಂಬ ಸಾಫ್ಟ್‌ವೇರ್ ಕಂಪನಿಗಳ ಬಡಾವಣೆಯಲ್ಲಿ ಕೆಲಸ ಮಾಡುವ ಹುಡುಗಿ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಎರಡನೆಯ ಸಲ ಅವಳ ಅತ್ತೆ ಜಯಮ್ಮನವರು ಮಂಡ್ಯದಿಂದ ಊರಿಗೆಲ್ಲ ಫೋನ್ ಮಾಡಿ ಸೊಸೆ ಬಸುರಿ ಎಂದು ಹೇಳಿದ್ದರು. ಅದು ಹೋದ ಮೇಲೆ ಅಷ್ಟೂ ಜನ ಇವಳಿಗೆ ಫೋನ್ ಮಾಡಿ ಯಾಕಾಯಿತು, ಏನು ತಿಂದೆ ಎಂದು ಕೇಳಿದ್ದರು.

ಅದೇ ಜಯಮ್ಮನವರು ಈಗ ಇಲ್ಲಿಗೆ ಬಂದಿದ್ದಾರೆ, ಸೊಸೆಯ ಬೆನ್ನ ಹಿಂದೆಯೇ ನಿಂತಿದ್ದಾರೆ.

ರಮ್ಯಾ ಕೈ ಚಾಚುತ್ತಾಳೆ, ಹಿಂದಕ್ಕೆ ಎಳೆದುಕೊಳ್ಳುತ್ತಾಳೆ.

"ತಗೋ ಮಗಾ, ಹಬ್ಬದ ದಿನ ಬ್ಯಾಡ ಅನ್ನಬಾರ್ದು," ಎನ್ನುತ್ತಾರೆ ಜಯಮ್ಮ.

ಅವಳು ಮತ್ತೆ ಕೈ ಚಾಚಿದಳು. ಆದರೆ ನನ್ನ ಕೈಯ ಚಮಚ ನೋಡಲಿಲ್ಲ, ನನ್ನನ್ನೇ ನೋಡಿದಳು. ನನಗೆ ಆಗ ಅರ್ಥವಾಯಿತು.

ಬೇಡ ಎಂದರೆ ಅಲ್ಲಿದ್ದವರಿಗೆಲ್ಲ ಗೊತ್ತಾಗುತ್ತದೆ. ತಿಂದರೆ... ಹಾಗೆ ಅವಳನ್ನು ಸಿಕ್ಕಿಸಿದ್ದು ನನ್ನ ತಮಾಷೆಯೇ.

ಚಮಚದಲ್ಲಿದ್ದುದನ್ನು ನನ್ನ ಬಾಯಿಗೇ ಹಾಕಿಕೊಂಡು ಮುಖ ಕಿವುಚಿದೆ. "ಥೂ, ಹುಳಿ ಬಂದುಬಿಟ್ಟಿದೆ. ಯಾರೂ ತಿನ್ನಬೇಡಿ, ಎಲ್ಲ ಕೆಟ್ಟುಹೋಗಿದೆ."

"ನಂಗೇನೂ ಗೊತ್ತಾಗ್ಲಿಲ್ಲವಲ್ಲ ಅಂಕಲ್?" ಎಂದ ಪ್ರಕಾಶ.

"ನೀನು ಕ್ಯಾಂಟೀನ್ ಸಾಂಬಾರನ್ನೇ ಚೆನ್ನಾಗಿದೆ ಅನ್ನೋನು. ನಿನ್ನ ನಾಲಿಗೆ ಕೇಳಿದೋರು ಯಾರಪ್ಪ?"

ಪಾತ್ರೆ ಸಮೇತ ಹೋಗಿ ಕಸದ ಡಬ್ಬಿಗೆ ಸುರಿದು ಬಂದೆ. ಎಲ್ಲರಿಗೂ ಬರೀ ಬೆಲ್ಲ ಹಂಚಿದ್ದಾಯಿತು. "ಕಹಿ ಇಲ್ದೆ ಎಂಥಾ ಯುಗಾದಿ?" ಎಂದು ಜಯಮ್ಮನವರು ಗೊಣಗಿದರು. ಪ್ರಕಾಶ ಅವತ್ತೇ ನನಗೆ ಕಾಡುಬೇವು ಅಂಕಲ್ ಎಂದು ಹೆಸರಿಟ್ಟ. ಇವತ್ತಿಗೂ ಹಾಗೇ ಕರೆಯುತ್ತಾರೆ.

ಮಾರನೆಯ ದಿನ ರಮ್ಯಾ ಫೋನ್ ಮಾಡಿದಳು.

"ಅಂಕಲ್, ಅದು ಕೆಟ್ಟಿರ್ಲಿಲ್ಲ ಅಲ್ವಾ?"

"ಇಲ್ಲಮ್ಮ. ಫಸ್ಟ್ ಕ್ಲಾಸಾಗಿತ್ತು."

ಆ ಕಡೆ ಸ್ವಲ್ಪ ನಕ್ಕ ಸದ್ದು. ಮೂರು ತಿಂಗಳು ಕಳೆಯುವವರೆಗೆ ಅತ್ತೆಗೂ ಹೇಳುವುದಿಲ್ಲ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರಂತೆ. ನನ್ನ ಹೆಂಡತಿ ಸರೋಜಳಿಗೆ ಬಿಟ್ಟು ನಾನೂ ಯಾರಿಗೂ ಹೇಳಲಿಲ್ಲ.

ಮೂರು ತಿಂಗಳು ಕಳೆಯಲಿಲ್ಲ.

ಆಸ್ಪತ್ರೆಯಿಂದ ಅವಳ ಗಂಡ ಅವಳನ್ನು ಸೀದಾ ನಮ್ಮ ಮನೆಗೆ ಕರೆತಂದ. ಅವರ ಮನೆಯಲ್ಲಿ ಜಯಮ್ಮನವರಿದ್ದರು. ಸೊಸೆ ಆಫೀಸಿಗೆ ಹೋಗಿದ್ದಾಳೆ ಎಂದೇ ಅವರು ತಿಳಿದಿದ್ದರು.

ಸರೋಜ ಬಿಸಿ ಅನ್ನಕ್ಕೆ ತಿಳಿಸಾರು ಹಾಕಿ ಕಲಸಿ ಕೊಟ್ಟಳು. ಎರಡು ತುತ್ತು ತಿಂದ ರಮ್ಯಾ ತಟ್ಟೆ ಪಕ್ಕಕ್ಕಿಟ್ಟು ಸರೋಜಳ ಮಡಿಲಿಗೆ ಒರಗಿದಳು. ಅಷ್ಟು ಜೋರಾಗಿ ಒಬ್ಬರು ಅತ್ತಿದ್ದನ್ನು ಈ ದೇಶದಲ್ಲಿ ನಾನು ಕೇಳಿರಲಿಲ್ಲ.

ಆಮೇಲೆ ಅವಳೇ ಹೇಳಿದಳು. "ಅವತ್ತು ನೀವು ಕೊಟ್ಟಿದ್ರೆ ನಾನು ತಿಂದುಬಿಡ್ತಿದ್ದೆ ಅಂಕಲ್. ತಿಂದಿದ್ದಿದ್ರೆ, ಅದ್ರಿಂದಲೇ ಹೀಗಾಯ್ತು ಅಂತ ಸಾಯೋವರೆಗೂ ಅನ್ಕೋತಿದ್ದೆ."

ನಾನು ಅವಳ ತಟ್ಟೆ ಎತ್ತಿಕೊಂಡು ಹೋಗಿ ಸಾರು ಮತ್ತೆ ಬಿಸಿ ಮಾಡಿ ತಂದೆ.

ಸಂಜೆ ಅವಳು ಮುಖ ತೊಳೆದು, ತಲೆ ಬಾಚಿ, ಆಫೀಸ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟಳು. ಗಂಡ ಆಮೇಲೆ ಬೇರೆಯಾಗಿ ಬರುವುದೆಂದಾಗಿತ್ತು. ನಡೆಯುವುದು ಬೇಡವೆಂದು ನಾನೇ ಡ್ರೈವ್ ಮಾಡಿ ಪಕ್ಕದ ಬೀದಿಯ ಅವಳ ಬಿಲ್ಡಿಂಗಿನ ಬಾಗಿಲಿಗೆ ಬಿಟ್ಟೆ. ಮೇಲೆ ಬಾಲ್ಕನಿಯಲ್ಲಿ ಜಯಮ್ಮನವರು ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದರು. ಸೊಸೆಯನ್ನು ಕಂಡು ಕೈ ಬೀಸಿದರು. ಅವಳೂ ಬೀಸಿದಳು.

ಅವಳ ಗುಟ್ಟು ಕಾಪಾಡಿದೆ ಎಂಬ ಹೆಮ್ಮೆ ನನಗೆ ಇದ್ದೇ ಇದೆ, ಸುಳ್ಳೇಕೆ ಹೇಳಲಿ... ಆದರೆ ಒಂದು ಹೆಣ್ಣು ಅಳುವುದಕ್ಕೆ ತನ್ನ ಮನೆ ಬಿಟ್ಟು ಪಕ್ಕದ ಬೀದಿಗೆ ಬರಬೇಕಾಗುವ ಹಾಗೆ, ನಾವೆಲ್ಲ ಸೇರಿ ಅವಳಿಗೆ ಏನು ಮಾಡಿಟ್ಟಿದ್ದೇವೆ?