ಅತ್ತೆ ರುಚಿ ನೋಡಿದ ಶೆರ್ರಿ

ನಮ್ಮ ಮೊದಲ ಮಗುವಿನ ಬಾಣಂತನ ಯಲಹಂಕದ ನಮ್ಮ ಮನೆಯಲ್ಲೇ ಆಗಲಿ ಎಂದು ಹಟ ಹಿಡಿದವನು ನಾನು. ಎಪ್ಪತ್ತರ ದಶಕದ ಕೊನೆ. ಯಶವಂತಪುರದಲ್ಲಿ ಸ್ವಂತ ಲೇತ್ ಹಾಕಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಹೆಂಡತಿಯನ್ನು ಹೇಗೆ ನೋಡಿಕೊಳ್ಳುತ್ತಾನೆಂದು ನಾಲ್ಕು ಜನ ನೋಡಲಿ ಎಂಬ ಆಸೆ. ಅತ್ತೆ ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯಿಂದ ಬಂದು ನಿಂತರು, ಒಂದೇ ಷರತ್ತಿನ ಮೇಲೆ.

"ನಿಮ್ ಬಾಯಲ್ಲಿ ಒಂದ್ ದಿನ ವಾಸ್ನೆ ಬಂದ್ರೂ ಮಗಳು, ಮಗು ಇಬ್ರನ್ನೂ ಕರ್ಕೊಂಡು ಊರಿಗೆ ಒಂಟೋಯ್ತೀನಿ, ಅಳಿಯಂದ್ರೇ."

ಅಂಥ ಹೊತ್ತಿನಲ್ಲೇ ಆರ್.ಟಿ. ನಗರದ ಗಿರಾಕಿಯೊಬ್ಬರು, ವಾಯುಪಡೆಯಿಂದ ನಿವೃತ್ತರಾದ ಸಾಹೇಬರು, ನನ್ನನ್ನು ಮನೆಗೆ ಕರೆದರು. ಅವರ ಹಳೇ ಕಾರಿಗೆ ಎಲ್ಲೂ ಸಿಗದ ಭಾಗವೊಂದನ್ನು ನಾನು ಕಡೆದು ಕೊಟ್ಟಿದ್ದೆ. ಅವರ ತಂಗಿಯ ಮಗ ಲಂಡನ್ನಿಂದ ಶೆರ್ರಿ ಎಂಬ ಸ್ಪೇನ್ ದೇಶದ ವೈನು ಮೂರು ಬಗೆಯದು ತಂದಿದ್ದನಂತೆ. "ಕುಡಿಯೋಕಲ್ಲ ಕಣಯ್ಯ, ರುಚಿ ನೋಡೋಕೆ" ಅಂದರು. ಸಾಹೇಬರು ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸುವಾಗ ಒಲ್ಲೆ ಅನ್ನಲು ನಾನೇನು ಸನ್ಯಾಸಿಯೇ?

ಹೆಬ್ಬೆರಳಿನಷ್ಟು ಗ್ಲಾಸು. ಮೊದಲನೆಯದನ್ನು ಕಷಾಯದ ಹಾಗೆ ಕಣ್ಣುಮುಚ್ಚಿ ಎತ್ತಿಬಿಟ್ಟೆ.

"ಯಾಕ್ ಗುರು, ಬಸ್ ಮಿಸ್ ಆಗುತ್ತಾ?" ಎಂದು ಸಾಹೇಬರು ಮತ್ತೆ ಸುರಿದರು.

ಅದು ಫಿನೋ. ಒಣಹುಲ್ಲಿನ ಬಣ್ಣ, ಹೆಸರಿಗೂ ಸಿಹಿಯಿಲ್ಲ, ಸಿಪ್ಪೆ ಸಮೇತ ಬಾದಾಮಿ ಅಗಿದ ಹಾಗೆ ನಾಲಿಗೆ ಒಣಗಿತು. ಆಮೇಲಿನದು ಅಮೊಂಟಿಯಾಡೋ, ಹಾಲು ಹಾಕದ ಟೀ ಬಣ್ಣ. ಮೂಗಿನ ಹತ್ತಿರ ತಂದರೆ ಹುರಿದ ಕಡಲೆಕಾಯಿಯ ಘಮ. ಕೊನೆಯದು ಕ್ರೀಮ್ ಶೆರ್ರಿ. ಒಣದ್ರಾಕ್ಷಿಯನ್ನು ಬೆಲ್ಲದ ಪಾಕದಲ್ಲಿ ನೆನೆಹಾಕಿದಂತಿತ್ತು. ನಿಜ ಹೇಳಬೇಕೆಂದರೆ ನನಗೆ ಹಿಡಿಸಿದ್ದು ಅದೊಂದೇ.

"ಮಗು ಆಗಿದೆ, ಒಂದು ಬಾಟ್ಲಿ ತಗೊಂಡೋಗು. ಯಾವ್ದು ಬೇಕು?" ಅಂದವರು ಮೆಲ್ಲಗೆ ಸೇರಿಸಿದರು, "ಗೊತ್ತಿರೋರು ಫಿನೋನೇ ಕೇಳೋದು."

"ನಂಗೂ ಫಿನೋನೇ ಕೊಡಿ ಸಾರ್."

ದಾರಿಯುದ್ದಕ್ಕೂ ಏಲಕ್ಕಿ ಅಗಿದರೂ ಬಾಗಿಲಲ್ಲೇ ಸಿಕ್ಕಿಬಿದ್ದೆ. ಅತ್ತೆ ನೇರ ಒಳಗೆ ಹೋಗಿ ಮಂಚದ ಕೆಳಗಿಂದ ಟ್ರಂಕು ಎಳೆದರು.

ಬಾಣಂತಿಗೆ ಮುಚ್ಚಳದಷ್ಟು ಬ್ರಾಂದಿ ಕೊಡುವ ರೂಢಿ ಅವರ ಕಡೆಯೂ ಇತ್ತು. ಅದು ನೆನಪಾಗಿ, "ಇವಳಿಗೇ ತಂದಿದ್ದು ಅತ್ತೆ. ಕೊಡೋ ಮುಂಚೆ ಒಂಚೂರು ನಾನು ನೋಡ್ದೆ" ಎಂದು ಬಾಟಲಿ ಮುಂದಿಟ್ಟೆ.

"ಕೊಡಿ ಇಲ್ಲಿ. ನಾನ್ ನೋಡ್ದೆ ಇವಳ ಬಾಯಿಗೆ ಬಿಡಾಕಿಲ್ಲ." ಮಗುವಿಗೆ ಔಷಧಿ ಹಾಕುವ ಒಳಲೆಗೇ ಬಗ್ಗಿಸಿಕೊಂಡು ಬಾಯಿಗಿಟ್ಟರು. ಮುಖವೆಲ್ಲ ಕಿವುಚಿಹೋಯಿತು.

"ಇದ್ನ ಯಾರಾನ ಆಸೆಪಟ್ಟು ಕುಡೀತಾರಾ?"

"ಉಹೂಂ."

"ಅಂಗಾದ್ರೆ ಔಸ್ದೀನೇ ಬಿಡಿ." ಟ್ರಂಕನ್ನು ಕಾಲಿನಿಂದಲೇ ಮಂಚದ ಕೆಳಕ್ಕೆ ತಳ್ಳಿದರು.

ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ನನ್ನವಳು ಕಂಬಳಿಯೊಳಗಿಂದ ಕೇಳಿದಳು, "ನಿಮಗೆ ಹೆಂಗಿತ್ರೀ?"

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. "ನುಂಗೋಕೇ ಆಗ್ಲಿಲ್ಲ ಕಣೇ" ಅಂದೆ. ಪಾಪ ಅನ್ನಿಸಿರಬೇಕು, ಆ ರಾತ್ರಿ ಅತ್ತೆ ನನ್ನ ಮುದ್ದೆಗೆ ಬಾಣಂತಿಯ ತುಪ್ಪವನ್ನೇ ಬಡಿಸಿದರು.