ಮಂಜಣ್ಣನ ಕಾರಿನ ಇಂಜಿನ್ ಮೀನಿನ ಗಾಡಿಗೆ ಹೋದದ್ದು

ಕಳೆದ ವರ್ಷ ಆಗಸ್ಟಿನಲ್ಲಿ ನಾನು ಅಂಕೋಲೆಯ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಡೀಸೆಲ್ ಮೆಕ್ಯಾನಿಕ್ ಆಗಿದ್ದೆ. ಈಗಲೂ ಅಲ್ಲೇ ಇದ್ದೇನೆ, ಬಡ್ತಿ ಎಂದರೆ ಗಾಡಿಯಡಿ ಮಲಗಲು ಹೊಸ ಗೋಣಿಚೀಲ ಸಿಕ್ಕಿದೆ. ಗಿರಾಕಿಗಳ ದನಿ, ಅವರ ಗಾಡಿಯ ಕೆಮ್ಮು ಎರಡನ್ನೂ ಆಡಿ ತೋರಿಸುವುದು ನನ್ನ ಚಟ. ಯಜಮಾನರಾದ ಫ್ರಾನ್ಸಿಸ್ ಮಾಮನ ಕೊಂಕಣಿ ರಾಗದ ಕನ್ನಡವನ್ನು ಅವರೆದುರೇ ಆಡಿ ಸ್ಪ್ಯಾನರಿನ ಪೆಟ್ಟು ತಿಂದವನು ನಾನು.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಟ್ರಾಲರುಗಳು ಮತ್ತೆ ಕಡಲಿಗಿಳಿದು ವಾರವೂ ಆಗಿರಲಿಲ್ಲ. ಬೆಳಂಬಾರದ ಗುಲಾಬಕ್ಕನ ಮೀನಿನ ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದರು. ಕಾರವಾರ ಬಂದರಿನಿಂದ ಮೀನು ತುಂಬಿ ಘಟ್ಟದ ಮೇಲಿನ ಪೇಟೆಗಳಿಗೆ ಒಯ್ಯುವ ಚಿಕ್ಕ ಲಾರಿ ಅದು. ಓಡಿಸುವವನು ಅವಳ ಮೈದುನ ಉಮೇಶ. ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಮುರಿದು ಇಂಜಿನ್ನಿನ ಬ್ಲಾಕಿಗೇ ತೂತು ಬಿದ್ದಿತ್ತು.

"ಇದು ಸತ್ತಿತು ರೇ ಬಾಬಾ," ಎಂದರು ಮಾಮ.

ಹಂಗಾಮಿನ ಹೊತ್ತಲ್ಲಿ ಗಾಡಿ ನಿಂತರೆ ಟ್ರಾಲರಿನವರು ಬೇರೆ ವ್ಯಾಪಾರಿಗೆ ಮೀನು ಕೊಡುತ್ತಾರೆ, ಒಮ್ಮೆ ಕೈತಪ್ಪಿದ ಬಂದರಿನ ವ್ಯಾಪಾರ ಮತ್ತೆ ಸಿಗುವುದಿಲ್ಲ. ಗಂಡ ಮಂಜಣ್ಣ ಎದೆನೋವಿನಿಂದ ತೀರಿಹೋದ ಮೇಲೆ ಗುಲಾಬಕ್ಕನ ಮನೆಯ ಅನ್ನ ಈ ಗಾಡಿಯೇ ಆಗಿತ್ತು.

ಆಗ ಉಮೇಶ, "ಅಣ್ಣನ ಕಾರು ಅದೆಯಲ್ಲ," ಎಂದ.

ಇಲ್ಲೊಂದು ಗುಟ್ಟು ಹೇಳಬೇಕು. ಜಾಹೀರಾತಿನಲ್ಲಿ ಕಚ್ಚಾಡುವ ಕೆಲವು ಕಂಪನಿಗಳ ಬಾನೆಟ್ ಎತ್ತಿ ನೋಡಿ, ಎಲ್ಲರ ಮನೆಯಲ್ಲೂ ಒಂದೇ ಸಾರು. ಒಂದೇ ಡೀಸೆಲ್ ಇಂಜಿನ್ ಒಬ್ಬರ ಕಾರಿನಲ್ಲಿ ಅಡ್ಡಲಾಗಿ, ಇನ್ನೊಬ್ಬರ ಚಿಕ್ಕ ಲಾರಿಯಲ್ಲಿ ಉದ್ದಕ್ಕೆ ಕೂತಿರುತ್ತದೆ. ಬ್ಲಾಕ್, ಹೆಡ್, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಎಲ್ಲ ಅದೇ. ತಳದ ಎಣ್ಣೆ ತೊಟ್ಟಿಯಾದ ಸಂಪ್, ಇಂಜಿನ್ ಕೂರುವ ಮೌಂಟಿಂಗ್, ವೈರಿಂಗ್ ಮಾತ್ರ ಆಯಾ ಗಾಡಿಯದ್ದೇ ಆಗಬೇಕು. ಮಂಜಣ್ಣನ ಕಾರೂ ಮೀನಿನ ಗಾಡಿಯೂ ಅಂಥದ್ದೇ ಜೋಡಿ.

ಬೆಳಂಬಾರಕ್ಕೆ ಹೋದೆವು. ತೆಂಗಿನ ಮಡಲಿನ ಚಪ್ಪರದಡಿ ಕಾರು ನಿಂತಿತ್ತು. ಮಂಜಣ್ಣ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ಬಾಡಿಗೆ ಮುಗಿಸಿ ಅವನು ತಿರುವಿಗೆ ಬಂದ ಸದ್ದು ಕೇಳಿದ ಮೇಲೆಯೇ ಗುಲಾಬಕ್ಕ ಬಂಗಡೆ ಕಾವಲಿಗೆ ಹಾಕುತ್ತಿದ್ದಳಂತೆ. ಅವನು ಹೋದ ಮೇಲೂ ದಿನಾ ಸಂಜೆ ತಾನೇ ಕಾರು ಚಾಲೂ ಮಾಡಿ ಸ್ವಲ್ಪ ಹೊತ್ತು ಅಂಗಳದಲ್ಲಿ ಕೂರುತ್ತಿದ್ದಳು.

"ಬ್ಯಾಟರಿ ಕೂತು ಹೋಗ್ತದೆ ಅಂತ," ಎಂದಳು ನನ್ನ ಮುಖ ನೋಡದೆ.

ಉಮೇಶ ಗೋಗರೆದ. "ಅತ್ಗೆ, ಇಲ್ಲಿ ತುಕ್ಕು ಹಿಡೀತದೆ. ಗಾಡಿಗೆ ಹಾಕಿದ್ರೆ ಅಣ್ಣನ ಇಂಜಿನ್ನೇ ದಿನಾ ಮನೆಗೆ ಬತ್ತದೆ. ಸದ್ದೂ ಕೇಳ್ಬಹುದು."

"ಹೌದೇನಾ ತಮಾ?" ಅವಳು ನನ್ನನ್ನು ಕೇಳಿದಳು.

"ಇಂಜಿನ್ ಅದೇ ಅಕ್ಕಾ," ಎಂದೆ.

ಅವಳು ಕಾರಿನೊಳಗೆ ಕೂತು ಚಾಲೂ ಮಾಡಿದಳು. ಬಹಳ ಹೊತ್ತು ಕೇಳಿದಳು. ಬಂದ್ ಮಾಡಿ ಕೀಲಿಯನ್ನು ಉಮೇಶನಿಗೆ ಕೊಡದೆ ನನ್ನ ಕೈಯಲ್ಲಿಟ್ಟಳು.

ಕೆಲಸ ಚೆನ್ನಾಗಿಯೇ ಆಯಿತು. ಕಾರಿನ ಇಂಜಿನ್ ಅಲ್ಲೇ ಬಿಚ್ಚಿ ಗ್ಯಾರೇಜಿಗೆ ತಂದು, ಲಾರಿಯ ಸಂಪ್ ತೊಳೆದು ಅದಕ್ಕೆ ಕೂಡಿಸಿದೆವು. ಪ್ರತಿ ಇಂಜೆಕ್ಟರಿಗೂ ಒಂದು ಕೋಡ್ ಇರುತ್ತದೆ. ಅವನ್ನೂ ಗಾಡಿಯ ಕಂಪ್ಯೂಟರಿಗೆ ತುಂಬಿದೆವು. ಮೊದಲ ಸಲಕ್ಕೇ ಚಾಲೂ ಆಯಿತು. ಮಾಮ ಶಿಲುಬೆಯ ಗುರುತು ಮಾಡಿಕೊಂಡರು. ನಾನು ಉಮೇಶನ ಪಕ್ಕದಲ್ಲಿ ಮದುವೆ ದಿಬ್ಬಣದ ಮದುಮಗನಂತೆ ಕೂತು ಬೆಳಂಬಾರಕ್ಕೆ ಹೊರಟೆ.

ಗುಲಾಬಕ್ಕ ಅಂಗಳದಲ್ಲಿ ನಿಂತಿದ್ದಳು. ಗಾಡಿ ಅವಳೆದುರಿಗೇ ಬಂದು ನಿಂತರೂ ಅವಳ ಕಣ್ಣು ನಮ್ಮ ಹಿಂದಿನ ತಿರುವಿನ ಮೇಲಿತ್ತು.

"ಬಂತಲ್ಲೇ ಅತ್ಗೆ!" ಎಂದ ಉಮೇಶ.

ಅವಳು ಹತ್ತಿರ ಬಂದು ಕ್ಯಾಬಿನ್ನಿಗೆ ಅಂಗೈ ಇಟ್ಟು ಕಿವಿಗೊಟ್ಟಳು.

"ಇದು ಅವ್ರದ್ದಲ್ಲ."

ಉಮೇಶ ನನ್ನ ಮುಖ ನೋಡಿದ. ಕಾರಿನ ಸೈಲೆನ್ಸರ್ ಬೇರೆ, ರಬ್ಬರ್ ಮೌಂಟಿಂಗ್ ಬೇರೆ, ಇಲ್ಲಿ ಸೀಟಿನಡಿ ಇಂಜಿನ್, ಹಿಂದೆ ಖಾಲಿ ತಗಡಿನ ಡಬ್ಬ ಎಂದೆಲ್ಲ ವಿವರಿಸಿದೆ. ಪ್ರತಿಯೊಂದು ಮಾತೂ ನಿಜ. ಒಂದೂ ಅವಳಿಗೆ ಬೇಕಾದದ್ದಲ್ಲ.

"ಗೊತ್ತಾತು ತಮಾ. ನೀ ಎಂತ ಮಾಡ್ತೆ. ಓಡ್ತದಲ್ಲ, ಸಾಕು."

ಉಮೇಶ ಮುಖ ಸಣ್ಣದು ಮಾಡಿಕೊಂಡು ಕೀಲಿಗೆ ಕೈ ಹಾಕಿದ.

"ಬಂದ್ ಮಾಡ್ಬೇಡ. ಬಂದರಿಗೆ ತಡ ಆತದೆ, ಹೋಗು," ಎಂದು ಗದರಿ ಅವಳು ಒಳಗೆ ಹೋದಳು. ಚಪ್ಪರದಡಿ ಕಾರಿನ ಬಾನೆಟ್ ತೆರೆದೇ ಇತ್ತು. ನಾನು ಹೋಗಿ ಮುಚ್ಚಿದೆ.

ಯಾವ ಇಂಜಿನ್ ಯಾವ ಗಾಡಿಗೆ ಕೂರುತ್ತದೆ ಎಂಬುದನ್ನು ಈ ಕೆಲಸ ಬೇಗ ಕಲಿಸುತ್ತದೆ. ಕೂತ ಮೇಲೆ ಮನೆಯವರಿಗೆ ಏನು ಉಳಿಯುತ್ತದೆ ಎಂಬುದನ್ನು ತಡವಾಗಿ ಕಲಿಸುತ್ತದೆ. ಈಗ ತೀರಿಹೋದವರ ಗಾಡಿ ಬಿಚ್ಚುವ ಮೊದಲೇ, ಶಕ್ತಿ ಅದೇ ಇರುತ್ತದೆ, ದನಿ ಬೇರೆ ಆಗುತ್ತದೆ ಎಂದು ಹೇಳಿಬಿಡುತ್ತೇನೆ. ಹೆಚ್ಚಿನವರು, "ದನಿ ಯಾರಿಗೆ ಬೇಕು ಮಾರಾಯಾ," ಎಂದು ನಗುತ್ತಾರೆ. ಶೆಟಗೇರಿಯ ಒಬ್ಬರು ಮಾತ್ರ ಕೀಲಿ ವಾಪಸ್ ತೆಗೆದುಕೊಂಡು ಹೋದರು.