ಅಪ್ಪ ಕೈ ಹಾಕಿದ ಬಿಲ

ನಾನು ಚಿಕ್ಕವಳಿದ್ದಾಗ ಮಾಂಜ್ರಾ ಹೊಳೆ ನನಗೆ ಮಳೆಗಾಲಕ್ಕಿಂತ ಬೇಸಿಗೆಯಲ್ಲೇ ಹೆಚ್ಚು ಇಷ್ಟ. ನಗಬೇಡಿ ಮಕ್ಕಳೇ, ಕೇಳಿ! ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮೊದಲ ಬೇಸಿಗೆ ಅದು. ಭಾಲ್ಕಿ ಕಡೆಯ ನಮ್ಮೂರಿನಲ್ಲಿ ಹೊಳೆ ಬತ್ತಿ ಅಲ್ಲಲ್ಲಿ ಮಡುಗಳಷ್ಟೇ ಉಳಿದಿದ್ದವು. ನೀರು ಜಳಕಕ್ಕೆ ಕಾಯಿಸಿಟ್ಟಷ್ಟು ಬೆಚ್ಚಗೆ. ಆ ಬಿಸಿ ತಾಳದೆ ಮೀಸೆ ಮೀನುಗಳು ದಂಡೆಯ ಕೆಸರಿನ ಬಿಲಗಳಲ್ಲಿ ಅಡಗಿ ಕೂರುತ್ತಿದ್ದವು.

ಅವನ್ನು ನಾವು ಬರಿಗೈಯಲ್ಲೇ ಹಿಡಿಯುತ್ತಿದ್ದೆವು. ಮೀನಿನ ತಲೆಯನ್ನು ಮೇಲಿನಿಂದ ಒತ್ತಿ ಹಿಡಿಯಬೇಕು. ಅದರ ಎರಡೂ ಪಕ್ಕದ ಮುಳ್ಳು ಚುಚ್ಚಿದರೆ ಅಯ್ಯಯ್ಯೋ, ಆ ಉರಿ ಬೇಡ!

“ನೀರಾಗ ಮುಳುಗಿದ ಬಿಲದಾಗಷ್ಟ ಕೈ ಹಾಕ್ರಿ. ಬಾಯಿ ನೀರಿನ ಮ್ಯಾಲ ಕಾಣೂದು ಹಾವಿನ ಬಿಲ,” ಎಂದು ಅಪ್ಪ ದಿನಾ ಹೇಳುತ್ತಿದ್ದ.

ಒಂದು ದಿನ ಅಕ್ಕನ ಬುಟ್ಟಿಯಲ್ಲಿ ಎರಡು ಮೀನು. ನನ್ನದು ಖಾಲಿ. “ನಿನಗ ಕಪ್ಪೆನೂ ಸಿಗಂಗಿಲ್ಲ ನೋಡು,” ಎಂದು ಅಕ್ಕ ಹಂಗಿಸಿದಳು. ನನಗೆ ಸಿಟ್ಟು ನೆತ್ತಿಗೇರಿತು. ಅರ್ಧ ಬಾಯಿ ಹೊರಗಿದ್ದ ಬಿಲಕ್ಕೇ ಕೈ ತೂರಿಸಿದೆ. ಚುಳ್ಳೆಂದಿತು! ಉರಿ ಹೆಗಲತನಕ ಏರಿತು. ಕಿಟಾರನೆ ಕಿರುಚಿದೆ.

ಅಪ್ಪ ಓಡಿ ಬಂದ. ಬಿಲ ನೋಡಿ ಅವನ ಮುಖ ಬಿಳಿಚಿಕೊಂಡಿತು. ರಕ್ತ ಸುರಿಯುತ್ತಿತ್ತು, ಎಂಥ ಗಾಯವೆಂದು ತಿಳಿಯುತ್ತಿರಲಿಲ್ಲ. ದವಾಖಾನೆ ಇದ್ದದ್ದು ಭಾಲ್ಕಿಯಲ್ಲಿ, ಎತ್ತಿನ ಬಂಡಿಯಲ್ಲಿ ಅರ್ಧ ದಿನದ ದಾರಿ.

“ಅಪ್ಪಾ, ನಾ ಸಾಯ್ತೀನೇನು?”

ಅಪ್ಪ ತಲೆಯ ರುಮಾಲು ಬಿಚ್ಚಿ ನನ್ನ ತೋಳಿಗೆ ಕಟ್ಟಿದ. ಆಮೇಲೆ ಮೊಣಕಾಲೂರಿ ಕೂತು, ಅದೇ ಬಿಲಕ್ಕೆ ತನ್ನ ಕೈ ಹಾಕಿದ.

“ಬ್ಯಾಡ ಅಪ್ಪಾ!” ಅಕ್ಕ ಚೀರಿದಳು. ಅಪ್ಪ ಕಣ್ಣು ಮುಚ್ಚಿಕೊಂಡು ಒಳಗೆ ತಡಕಾಡುತ್ತಿದ್ದ. ನನಗೆ ನನ್ನ ಉರಿಯೇ ಮರೆತುಹೋಗಿತ್ತು.

ಕೊನೆಗೆ ಎಳೆದ ನೋಡಿ, ಕರ್ರಗಿನ ಮೀಸೆ ಮೀನು, ಪಟಪಟ ಒದ್ದಾಡುತ್ತಿತ್ತು! ನೀರು ಇಳಿದು ಬಿಲದ ಬಾಯಿ ನೀರಿನ ಮೇಲೆ ಕಂಡಿತ್ತಷ್ಟೆ.

“ಹಾವಲ್ಲ ನಮ್ಮವ್ವಾ, ಮೀನ! ಮೀನ!” ಅಪ್ಪ ಕೆಸರಿನಲ್ಲೇ ಕುಸಿದು ಕೂತು ನಗುತ್ತಾ ಅತ್ತುಬಿಟ್ಟ. ಅಬ್ಬಾ, ಹೋದ ಜೀವ ಬಂದಂತಾಯಿತು ನನಗೆ. ರಾತ್ರಿ ಊಟಕ್ಕೆ ಆ ಮೀನು ಪೂರ್ತಿ ನನ್ನ ತಾಟಿಗೇ ಬಂತು.

ಈಗ ನೀವು ಬೀದರಿನ ಮನೆಯಲ್ಲಿ ಗಾಜಿನ ತೊಟ್ಟಿಯ ಮೀನು ನೋಡುತ್ತಾ ಬೆಳೆಯುತ್ತಿದ್ದೀರಿ. ಬೆರಳಿಗೆ ಮುಳ್ಳು ತಾಗಿದರೂ ನಿಮ್ಮಪ್ಪ ಫೋನು ಮಾಡಿ ಡಾಕ್ಟರನ್ನು ಕೇಳುತ್ತಾನೆ. ಕೇಳಲಿ, ಒಳ್ಳೆಯದೇ. ನನ್ನಪ್ಪನಿಗೆ ಕೇಳಲು ಯಾರೂ ಇರಲಿಲ್ಲ. ಮಗಳನ್ನು ಕಚ್ಚಿದ್ದು ಏನೆಂದು ತಿಳಿಯಲು ಅವನ ಹತ್ತಿರ ಇದ್ದದ್ದು ತನ್ನ ಕೈ ಒಂದೇ.